ಕತ್ತರಿಸುವುದೋ, ದಾರಿ ಬದಲಿಸುವುದೋ

ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದ ದಿನ ಮನೆಯಲ್ಲಿದ್ದವಳು ನಾನೊಬ್ಬಳೇ. ಗಂಡ ಮೊದಲ ಪಾಳಿಗೆಂದು ಬಾಲಾನಗರದ ಕಾರ್ಖಾನೆಗೆ ಹೋಗಿ ಎರಡು ತಾಸಾಗಿತ್ತು. ನಾನು ಕಚೇರಿಗೆ ಹೊರಡಲೆಂದು ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಏನೋ ಬಿದ್ದ ಸದ್ದು, ಅದರ ಹಿಂದೆಯೇ ತಂಬಿಗೆ ಉರುಳಿದ ಸದ್ದು. ಓಡಲು ನನ್ನಿಂದ ಆಗುತ್ತಿರಲಿಲ್ಲ; ಗೋಡೆ ಹಿಡಿದು ಹೋದೆ. ಎಪ್ಪತ್ತಾರು ದಾಟಿದ ಅತ್ತೆ ಒದ್ದೆ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಎಚ್ಚರವಿತ್ತು. ನನ್ನನ್ನು ಕಂಡದ್ದೇ ಕೈ ಚಾಚಿದರು.

ಆ ಕೈ ಹಿಡಿಯಲು ಬಗ್ಗಬೇಕು, ಬಗ್ಗಲು ಮೊಣಕಾಲು ಮಡಿಸಬೇಕು. ನನ್ನ ಎತ್ತರ ಐದು ಅಡಿ ಒಂದು ಇಂಚು, ಆಗಿನ ತೂಕ ನೂರಾ ಹದಿನೆಂಟು ಕಿಲೋ. ಎರಡೂ ಮೊಣಕಾಲಿನ ಸಂದು ಸವೆದಿತ್ತು. ನೆಲದ ಮೇಲೆ ಕೂತು ನಾಲ್ಕು ವರ್ಷವಾಗಿತ್ತು. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಇನ್ನೊಂದನ್ನು ಆದಷ್ಟು ಕೆಳಕ್ಕೆ ಚಾಚಿದೆ. ನಮ್ಮಿಬ್ಬರ ಬೆರಳುಗಳ ನಡುವೆ ಒಂದು ಗೇಣು ಉಳಿಯಿತು.

ಎದುರುಮನೆಯವರ ಬಾಗಿಲು ಬಡಿದೆ. ಅವರು ಪೂಜೆಗೆ ಕೂತಿದ್ದರೋ ಏನೋ, ತೆರೆಯಲು ತಡವಾಯಿತು. ಗಂಡಹೆಂಡತಿ ಇಬ್ಬರೂ ಬಂದು ಅತ್ತೆಯನ್ನು ಎತ್ತಿ ಮಂಚದ ಮೇಲೆ ಮಲಗಿಸುವ ಹೊತ್ತಿಗೆ ಹದಿನೈದು ನಿಮಿಷವಾದರೂ ಆಗಿತ್ತು. ಅಷ್ಟು ಹೊತ್ತೂ ಅತ್ತೆ ನೀರಿನಲ್ಲಿ, ನಾನು ಬಾಗಿಲಲ್ಲಿ. ಮೂಳೆಯೇನೂ ಮುರಿದಿರಲಿಲ್ಲ, ಮಣಿಕಟ್ಟು ಊದಿತ್ತು. ಸಂಜೆ ಅದಕ್ಕೆ ಮುಲಾಮು ಹಚ್ಚುತ್ತ, "ನನ್ನ ಕೈಲೆ ನಿಮ್ಮನ್ನ ಎತ್ತಾಕ ಆಗಲಿಲ್ರಿ" ಎಂದೆ.

"ಛಲೋ ಆತು ಬಿಡು," ಎಂದರು ಅತ್ತೆ. "ನೀನೂ ಬಿದ್ದಿದ್ದರ ನಮ್ಮಿಬ್ಬರನ್ನ ಎತ್ತಾಕ ಓಣಿ ಮಂದಿ ಎಲ್ಲಾ ಬರಬೇಕಾಗತಿತ್ತು."

ಅವರು ನನ್ನನ್ನು ನಗಿಸಲೆಂದೇ ಹೇಳಿದ್ದು. ನನಗೆ ನಗು ಬರಲಿಲ್ಲ. ಆ ಒಂದು ಗೇಣಿನ ಅಂತರ ಎಷ್ಟೋ ದಿನ ಕಣ್ಣ ಮುಂದೆಯೇ ಇತ್ತು.

ನಮ್ಮ ಅಜ್ಜ ರಾಯಚೂರು ಕಡೆಯಿಂದ ಸರಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದವರು. ಅಪ್ಪನೂ ಸರಕಾರಿ ನೌಕರರು, ನಾನೂ ಒಂದು ಇಲಾಖೆಯಲ್ಲಿ ಸೂಪರಿಂಟೆಂಡೆಂಟ್. ಗಂಡನದು ಕಲಬುರಗಿ ಕಡೆಯ ಮನೆತನ, ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ. ಸನತ್‌ನಗರದ ಎರಡನೆಯ ಮಹಡಿಯ ಮನೆಯಲ್ಲಿ ನಾವು ಮೂವರು. ಮಗಳು ವಾರಂಗಲ್ಲಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಹೊರಗೆ ತೆಲುಗು, ಹಿಂದಿ. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ.

ನಾನು ಹೊಟ್ಟೆಬಾಕಳೆಂದು ಕಂಡವರೆಲ್ಲ ತಿಳಿದಿದ್ದರು. ಹಾಗೇನೂ ಇರಲಿಲ್ಲ. ಮಗಳು ಹುಟ್ಟಿದ ಮೇಲೆ ಏರಿದ ತೂಕ ಇಳಿಯಲೇ ಇಲ್ಲ, ಅಷ್ಟೇ. ಅನ್ನ ಬಿಟ್ಟು ಸಿರಿಧಾನ್ಯ ತಿಂದೆ. ಒಂದು ವರ್ಷ ಸಂಜೆಯೂಟ ಬಿಟ್ಟೆ. ಒಮ್ಮೆ ಹನ್ನೆರಡು ಕಿಲೋ ಇಳಿಸಿ, ಮುಂದಿನ ವರ್ಷ ಹದಿನೈದು ಏರಿಸಿಕೊಂಡೆ. ಮೊಣಕಾಲಿಗೆ ಎಲುಬಿನ ವೈದ್ಯರು ನೋವಿನ ಗುಳಿಗೆ ಬರೆದುಕೊಟ್ಟರು. ದಿನಕ್ಕೆ ಎರಡರಂತೆ ಅದನ್ನು ನುಂಗುತ್ತ ಐದು ವರ್ಷ ಕಳೆದಿದ್ದವು. ಗುಳಿಗೆಯಿಂದ ಎದೆಯುರಿ, ಎದೆಯುರಿಗೆ ಇನ್ನೊಂದು ಗುಳಿಗೆ. ಕೃತಕ ಮೊಣಕಾಲು ಹಾಕೋಣವೆಂದರೆ, "ಮೊದಲು ಮೂವತ್ತು ಕಿಲೋ ಇಳಿಸಿ ಬನ್ನಿ" ಎನ್ನುತ್ತಿದ್ದರು. ನಡೆದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಮಾತ್ರ ನಡೆಯಲು ಬರುತ್ತದೆ. ಈ ಸುತ್ತಿನಿಂದ ಹೊರಬರುವ ದಾರಿ ನನಗೆ ಕಾಣುತ್ತಿರಲಿಲ್ಲ.

ಅತ್ತೆ ಬಿದ್ದ ಮರುವಾರ ಗಂಡನನ್ನು ಕರೆದುಕೊಂಡು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆಯ ಬಳಿಗೆ ಹೋದೆ. ಹೆಚ್ಚುಕಡಿಮೆ ನನ್ನದೇ ವಯಸ್ಸಿನ ತೆಲುಗು ಹೆಂಗಸು. ಮಾತಾಡುವಾಗ ನನ್ನ ಹೊಟ್ಟೆಯನ್ನು ನೋಡದೆ ಮುಖವನ್ನು ನೋಡುತ್ತಿದ್ದರು. ನನಗೆ ಅದೇ ಹೊಸದು. ರಕ್ತ ಪರೀಕ್ಷೆ, ಹೃದಯದ ಪರೀಕ್ಷೆ, ಗಂಟಲಿನಿಂದ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿ ಎಲ್ಲ ಮಾಡಿಸಿದರು. ಎರಡನೆಯ ಭೇಟಿಯಲ್ಲಿ ವರದಿಗಳನ್ನು ಮುಂದಿಟ್ಟುಕೊಂಡು ಕೂತರು. ಅವರು ತೆಲುಗಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎರಡು ಬಗೆ ಇದೆ ಅಮ್ಮಾ. ಒಂದು ಸ್ಲೀವ್. ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ಹೊರಗೆ ತೆಗೆದುಬಿಡುತ್ತೇವೆ. ಬಾಳೆಹಣ್ಣಿನಂತೆ ಉದ್ದಕ್ಕೆ ಒಂದು ಕೊಳವೆ ಉಳಿಯುತ್ತದೆ. ಇನ್ನೊಂದು ಬೈಪಾಸ್. ಅದರಲ್ಲಿ ಏನನ್ನೂ ಹೊರಗೆ ತೆಗೆಯುವುದಿಲ್ಲ. ಜಠರದ ಮೇಲುಭಾಗದಲ್ಲಿ ನಿಂಬೆಹಣ್ಣಿನಷ್ಟು ಸಣ್ಣ ಚೀಲ ಮಾಡಿ, ಕರುಳನ್ನು ಮೇಲೆ ತಂದು ಅದಕ್ಕೆ ಜೋಡಿಸುತ್ತೇವೆ. ಊಟ ಹಳೆಯ ಜಠರಕ್ಕೆ ಹೋಗದೆ ಹೊಸ ದಾರಿಯಲ್ಲಿ ಹೋಗುತ್ತದೆ."

"ನನಗೆ ಯಾವುದು ಸರಿ?" ಎಂದು ಕೇಳಿದೆ.

ವೈದ್ಯೆ ಎಂಡೋಸ್ಕೋಪಿಯ ವರದಿಯನ್ನು ನನ್ನ ಕಡೆಗೆ ತಿರುಗಿಸಿದರು. "ನಿಮ್ಮದು ಸುಲಭದ ಪ್ರಕರಣ ಅಲ್ಲ. ಎದೆಯುರಿಯಿಂದ ನಿಮ್ಮ ಅನ್ನನಾಳದ ಕೆಳತುದಿ ಸುಟ್ಟ ಹಾಗಾಗಿದೆ. ಸ್ಲೀವ್ ಮಾಡಿದರೆ ಈ ಉರಿ ಇನ್ನೂ ಹೆಚ್ಚಾಗಬಹುದು. ಅದನ್ನು ನೋಡಿದರೆ ಬೈಪಾಸ್ ಒಳ್ಳೆಯದು. ಆದರೆ ಬೈಪಾಸ್ ಆದವರು ಈಗ ನೀವು ನುಂಗುತ್ತಿರುವ ನೋವಿನ ಗುಳಿಗೆಯನ್ನು ಮುಟ್ಟಬಾರದು. ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಜೀವಮಾನವಿಡೀ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ತಪ್ಪಿಸುವ ಹಾಗೂ ಇಲ್ಲ. ನನ್ನ ಒಲವು ಬೈಪಾಸ್ ಕಡೆಗೆ. ಆದರೆ ಆ ಗುಳಿಗೆ ಇಲ್ಲದೆ ನಿಮ್ಮಿಂದ ಇರಲು ಆಗುತ್ತದೆಯೇ ಎಂಬುದು ನನಗೆ ಗೊತ್ತಿಲ್ಲ. ಅದು ನಿಮಗೇ ಗೊತ್ತಾಗಬೇಕು. ಅವಸರ ಇಲ್ಲ, ಯೋಚಿಸಿ ಬನ್ನಿ."

ಹೊರಗೆ ಬಂದಾಗ ನನಗೆ ಸಿಟ್ಟು ಬಂದಿತ್ತು. ಇಷ್ಟು ಓದಿದವರು ಇಂಥದ್ದನ್ನು ಮಾಡಿಸಿಕೋ ಎಂದು ಹೇಳಿಬಿಡಬಾರದೇ? ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಮೈಯ ಬಗ್ಗೆ ತೀರ್ಮಾನ ಮಾಡುವುದು ಯಾವಾಗಲೂ ಬೇರೆಯವರೇ. ಸೀರೆಯ ಬಣ್ಣವನ್ನು ಕೂಡ ನಾಲ್ಕು ಜನರನ್ನು ಕೇಳಿ ಆರಿಸಿದವಳು ನಾನು. ಈಗ ಒಮ್ಮೆಲೇ, ನಿನ್ನ ಹೊಟ್ಟೆಯನ್ನು ಏನು ಮಾಡಬೇಕೋ ನೀನೇ ಹೇಳು ಎಂದರೆ?

ಮನೆಗೆ ಬಂದ ಮೇಲೆ ಗಂಡ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಎರಡೂ ಆಪರೇಷನ್ನುಗಳ ಚಿತ್ರ ಬರೆದರು. ದಿನವಿಡೀ ಅಳತೆ, ನಕ್ಷೆಗಳ ನಡುವೆ ಇರುವವರು. ಅಳತೆಪಟ್ಟಿ ಇಟ್ಟು ಗೆರೆ ಎಳೆದರು.

"ನೋಡಿಲ್ಲಿ," ಎಂದರು. "ಇದು ನೀರಿನ ಟಾಕಿ ಸಣ್ಣದು ಮಾಡೋದು. ಇದು ಟಾಕಿ ಹಂಗ ಬಿಟ್ಟು ಪೈಪಿನ ಲೈನ್ ಬದಲ ಮಾಡೋದು. ನನ್ನ ಕೇಳಿದರ ಮೊದಲನೇದ ಛಲೋ. ಜಾಯಿಂಟ್ ಹೆಚ್ಚಾದಷ್ಟು ಲೀಕ್ ಹೆಚ್ಚು. ಎರಡನೇದರಾಗ ಎರಡು ಜಾಯಿಂಟ್ ಅದಾವು."

ಅತ್ತೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ಹತ್ತಿರ ಹಿಡಿದು ನೋಡಿದರು. "ತಗದ ಹೊಟ್ಟಿನ ಏನ ಮಾಡತಾರ?" ಎಂದು ಕೇಳಿದರು.

"ಪರೀಕ್ಷಾಕ ಕಳಸಿ, ಆಮೇಲೆ ಸುಟ್ಟ ಬಿಡತಾರವ್ವಾ."

"ಮನಿಶ್ಯಾ ಬದುಕಿರುವಾಗನ ಮೈಯಾಗಿಂದು ಸುಡೋದೇನು?" ಎಂದು ಅತ್ತೆ ಹಾಳೆಯನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಎರಡನೆಯ ಚಿತ್ರದ ಮೇಲೆ ಬೆರಳಿಟ್ಟು, "ಇದರಾಗ ಹಳೇ ಹೊಟ್ಟಿ ಏನ ಮಾಡತೈತಿ? ಸುಮ್ಮನ ಕೂತಿರತೈತೇನು?" ಎಂದರು.

"ಪೆನ್ಶನ್ ಮ್ಯಾಲ ಇರತೈತಿ," ಎಂದರು ಗಂಡ. "ರಸ ಹುಟ್ಟಿಸಿ ಕೆಳಗ ಕಳಸತೈತಿ, ಊಟ ಮಾತ್ರ ಅಲ್ಲಿ ಬರಂಗಿಲ್ಲ."

ಹೀಗೆ ಮನೆಯಲ್ಲಿ ಎರಡು ಪಕ್ಷಗಳಾದವು. ಮಗ ಸ್ಲೀವಿನ ಕಡೆ, ತಾಯಿ ಬೈಪಾಸಿನ ಕಡೆ. ಒಬ್ಬರ ಕಾರಣ ಲೀಕು, ಇನ್ನೊಬ್ಬರ ಕಾರಣ ಮೈಯೊಳಗಿನದು ಮೈಯೊಳಗೇ ಇರಲಿ ಎಂಬುದು. ನನ್ನ ಎದೆಯುರಿ, ನನ್ನ ಮೊಣಕಾಲು ಇಬ್ಬರ ಲೆಕ್ಕದಲ್ಲೂ ಇರಲಿಲ್ಲ.

ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಮೈಸೂರಿನ ಒಬ್ಬ ಹುಡುಗಿ ಗೆಳತಿಯರ ಜೊತೆ ಬಾಡಿಗೆಗಿದ್ದಳು. ಸಾಫ್ಟ್‌ವೇರ್ ಕೆಲಸ. ಒಂದೂವರೆ ವರ್ಷದ ಹಿಂದೆ ಅವಳು ಸ್ಲೀವ್ ಮಾಡಿಸಿಕೊಂಡದ್ದು ನನಗೆ ಗೊತ್ತಿತ್ತು. ಒಂದು ಭಾನುವಾರ ಅವಳನ್ನು ಚಹಕ್ಕೆ ಕರೆದೆ. ಸಣ್ಣ ಲೋಟದಲ್ಲಿ ಕೊಟ್ಟ ಚಹವನ್ನು ಅವಳು ಅರ್ಧ ಗಂಟೆ ಕುಡಿದಳು.

"ನಂಗಂತೂ ಒಳ್ಳೇದೇ ಆಯ್ತು ಆಂಟಿ," ಎಂದಳು. "ಮೊದ್ಲು ಬಸ್ಸಲ್ಲಿ ನಾನು ಕೂತ್ರೆ ಪಕ್ಕದವ್ರು ಎದ್ದು ಹೋಗ್ತಿದ್ರು. ಈಗ ಯಾರೂ ಏಳಲ್ಲ. ಆಪರೇಷನ್ ಕೂಡ ಬೇಗ ಮುಗೀತು, ಹತ್ತು ದಿನಕ್ಕೆ ಕೆಲಸಕ್ಕೆ ಹೋದೆ."

"ತೊಂದರೆ ಏನೂ ಇಲ್ಲೇನವ್ವಾ?"

"ಮಲಗುವಾಗ ಮೂರು ದಿಂಬು ಬೇಕು. ಏಳು ಗಂಟೆ ಮೇಲೆ ಏನಾದ್ರೂ ತಿಂದ್ರೆ ಹುಳಿನೀರು ಗಂಟಲಿಗೇ ಬರತ್ತೆ. ಮುಂಚೆ ಹಾಗಿರ್ಲಿಲ್ಲ. ಮಾತ್ರೆ ತಗೋತೀನಿ, ನಡೀತಿದೆ." ಅವಳು ನನ್ನ ಮುಖ ನೋಡಿದಳು. "ನಿಮ್ಗೆ ಈಗ್ಲೇ ಎದೆಯುರಿ ಇದೆ ಅಂದ್ರಲ್ಲ ಆಂಟಿ. ಅದನ್ನ ಮಾತ್ರ ಸರಿಯಾಗಿ ಕೇಳ್ಕೊಳ್ಳಿ. ನಾನು ಹೇಗಿದೀನಿ ನೋಡಿ ಅಂತ ಹೇಳೋದು ಸುಲಭ. ನಾನು ನೀವಲ್ಲ."

ಇಪ್ಪತ್ತೆಂಟು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತು ಕೇಳಿ ನನಗೆ ಒಂದು ರೀತಿಯ ಸಮಾಧಾನವಾಯಿತು. ಆದರೆ ಗಂಟು ಬಿಚ್ಚಲಿಲ್ಲ.

ಬೈಪಾಸ್ ಆದವರನ್ನು ಹುಡುಕಿಕೊಟ್ಟದ್ದು ಗಂಡನೇ. ಅವರ ಕಾರ್ಖಾನೆಯ ಗೇಟಿನ ಎದುರು ಒಬ್ಬ ಹೆಂಗಸಿನ ಟಿಫಿನ್ ಸೆಂಟರ್ ಇತ್ತು. ಇಪ್ಪತ್ತು ವರ್ಷದಿಂದ ಅವರ ಕೈಯ ಇಡ್ಲಿ ತಿಂದವರು ಗಂಡ. ಆಕೆ ಒಂದು ಕಾಲದಲ್ಲಿ ಅಂಗಡಿಯ ಬಾಗಿಲು ತುಂಬ ನಿಲ್ಲುತ್ತಿದ್ದವರು, ಆಮೇಲೆ ಅರ್ಧವಾದರು, ಬೈಪಾಸ್ ಅಂತೆ ಎಂದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ತಮಗೆ ಇಷ್ಟವಿಲ್ಲದ ಪಕ್ಷದ ಸಾಕ್ಷಿಯನ್ನು ತಾವೇ ಹುಡುಕಿಕೊಟ್ಟರಲ್ಲ ಎಂದು ನಾನು ಗಂಡನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಒಂದು ಶನಿವಾರ ಹನ್ನೊಂದು ಗಂಟೆಗೆ, ಬೆಳಗಿನ ಗಿರಾಕಿಗಳು ಮುಗಿದ ಮೇಲೆ ಹೋದೆ. ಐವತ್ತೈದರ ಆಸುಪಾಸಿನ ಹೆಂಗಸು, ಕೈಯಲ್ಲಿ ಎರಡೆರಡು ಹಸಿರು ಬಳೆ. ನನಗೆ ಗಟ್ಟಿಮುಟ್ಟಾದ ಸ್ಟೂಲು ಆರಿಸಿ ಕೊಟ್ಟರು. ಹಾಗೆ ಆರಿಸಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾವು ಒಂದು ತಟ್ಟೆಯಲ್ಲಿ ಒಂದೇ ಇಡ್ಲಿ ಹಾಕಿಕೊಂಡು ಎದುರು ಕೂತರು. ತೆಲುಗಿನಲ್ಲೇ ಮಾತಾಡಿದೆವು.

"ಎಲ್ಲರೂ ಎಷ್ಟು ಕಿಲೋ ಇಳಿಯಿತು ಅಂತ ಕೇಳುತ್ತಾರೆ," ಎಂದರು. "ಏನು ಹೋಯಿತು ಅಂತ ಯಾರೂ ಕೇಳುವುದಿಲ್ಲ. ನೀವು ಅದನ್ನು ಕೇಳಿ ಅಕ್ಕಾ."

"ಏನು ಹೋಯಿತು?"

"ರುಚಿ ನೋಡುವುದು ಹೋಯಿತು." ಅವರು ಇಡ್ಲಿಯ ಒಂದು ಚೂರನ್ನು ಬಾಯಿಗಿಟ್ಟು, ಪೂರ್ತಿ ಅಗಿದು ನುಂಗುವವರೆಗೆ ಮಾತಾಡಲಿಲ್ಲ. ಆಮೇಲೆ ಹೇಳಿದರು. "ಅಡುಗೆ ಮಾಡುವವರು ನಾಲಗೆಯ ಮೇಲೆ ಬದುಕುವವರು. ಸಾಂಬಾರು ಒಂದು ಸೌಟು, ಚಟ್ನಿ ಒಂದು ಚಮಚ, ದಿನವಿಡೀ ನೋಡುತ್ತಲೇ ಇರುತ್ತಿದ್ದೆ. ಆಪರೇಷನ್ ಆಗಿ ಮೂರು ತಿಂಗಳಿಗೆ ಕೇಸರಿಬಾತಿನ ಸಿಹಿ ನೋಡಿದೆ, ಎರಡೇ ಚಮಚ. ಮೈಯೆಲ್ಲ ಬೆವರಿ, ಎದೆ ಹೊಡೆದುಕೊಂಡು ಈ ಗಲ್ಲಾದ ಹಿಂದೆಯೇ ಕುಸಿದು ಕೂತೆ. ಸಾಯುತ್ತೇನೆ ಅಂದುಕೊಂಡೆ. ಈಗ ಸಿಹಿಯನ್ನು ನನ್ನ ತಂಗಿ ನೋಡುತ್ತಾಳೆ. ಅವಳಿಗೆ ಸಿಹಿಯ ಅಂದಾಜು ಗೊತ್ತಿಲ್ಲ."

ಆಕೆಗೆ ಸಕ್ಕರೆ ಕಾಯಿಲೆ ಜೋರಾಗಿತ್ತಂತೆ, ಹೊಟ್ಟೆಗೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರಂತೆ. ಬೈಪಾಸ್ ಆದ ಮೇಲೆ ಅದು ನಿಂತಿತು. "ಅದಕ್ಕೇ ಮಾಡಿಸಿಕೊಂಡೆ. ಅದರ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ," ಎಂದರು. ನಾನು ನನ್ನ ಮೊಣಕಾಲಿನ ಗುಳಿಗೆಯ ವಿಷಯ ಹೇಳಿದೆ. ಆಕೆ ತಟ್ಟೆಯನ್ನು ಪಕ್ಕಕ್ಕಿಟ್ಟರು.

"ಎರಡು ವರ್ಷದ ಕೆಳಗೆ ನನಗೆ ಹಲ್ಲುನೋವು ಬಂತು. ಔಷಧಿ ಅಂಗಡಿಯವನು ಒಂದು ಗುಳಿಗೆ ಕೊಟ್ಟ. ಬೈಪಾಸ್ ಆಗಿದೆ ಅಂತ ನಾನು ಹೇಳಲಿಲ್ಲ, ಅವನು ಕೇಳಲಿಲ್ಲ. ವಾರ ನುಂಗಿದೆ. ಒಂದು ದಿನ ಮಲ ಕಪ್ಪಗೆ ಹೋಯಿತು, ತಲೆ ತಿರುಗಿತು. ಒಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ಎಂಟು ದಿನ ಆಸ್ಪತ್ರೆ. ಒಂದು ವಾರದ ಗುಳಿಗೆಗೆ ಹೀಗೆ. ನೀವು ಐದು ವರ್ಷದಿಂದ ನುಂಗುತ್ತಿದ್ದೀರಿ."

ನಾನು ಕೈಚೀಲದೊಳಗಿನ ಗುಳಿಗೆಯ ಪಟ್ಟಿಯನ್ನು ಮುಟ್ಟಿ ನೋಡಿಕೊಂಡೆ.

"ಹೆದರಿಸುವುದಕ್ಕೆ ಹೇಳಲಿಲ್ಲ ಅಕ್ಕಾ," ಎಂದರು. "ಆಪರೇಷನ್ ಆದ ಮೇಲೆ ಬಿಡುತ್ತೇನೆ ಅನ್ನಬೇಡಿ. ಮೊದಲು ಬಿಟ್ಟು ನೋಡಿ. ಬಿಡಲು ಆಗದಿದ್ದರೆ ಈ ದಾರಿ ನಿಮ್ಮದಲ್ಲ. ಅಷ್ಟೇ."

ಹೊರಡುವಾಗ ಆಕೆ ಬಾಗಿಲವರೆಗೆ ಬಂದು, "ಪರ್ವಾಲೇದು, ಚಿಂತೆ ಬೇಡ, ಯಾವುದಾದರೂ ಒಂದು ಆಗುತ್ತದೆ," ಎಂದು ನನ್ನ ಭುಜ ಮುಟ್ಟಿದರು. ಆಟೋದಲ್ಲಿ ಕೂತಾಗ ನನಗೆ ಒಂದು ವಿಷಯ ಹೊಳೆಯಿತು. ನಾನು ಇಷ್ಟು ದಿನ ಎರಡು ಆಪರೇಷನ್ನುಗಳಲ್ಲಿ ಯಾವುದು ಒಳ್ಳೆಯದೆಂದು ಕೇಳುತ್ತಿದ್ದೆ. ಆ ಹುಡುಗಿ ಮೂರು ದಿಂಬಿನ ಜೊತೆ ಹೊಂದಿಕೊಂಡಿದ್ದಳು, ಈಕೆ ಸಿಹಿ ನೋಡದ ನಾಲಗೆಯ ಜೊತೆ ಹೊಂದಿಕೊಂಡಿದ್ದರು. ನಾನು ಯಾವುದರ ಜೊತೆ ಹೊಂದಿಕೊಳ್ಳಬಲ್ಲೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮೊದಲು ಗುಳಿಗೆ ಬಿಟ್ಟು ನೋಡುತ್ತೇನೆಂದು ವೈದ್ಯೆಗೆ ಫೋನ್ ಮಾಡಿ ಹೇಳಿದೆ. ಅವರು ಒಪ್ಪಿದರು, ತೀರ ಆಗದಿದ್ದಾಗ ನುಂಗಲು ಜ್ವರದ ಗುಳಿಗೆಯೊಂದನ್ನು ಹೇಳಿ, ವ್ಯಾಯಾಮ ಕಲಿಸಲು ಫಿಸಿಯೋಥೆರಪಿಯವರ ಬಳಿಗೆ ಕಳಿಸಿದರು. ಎರಡು ತಿಂಗಳು ಎಂದು ಗಡುವು ಹಾಕಿಕೊಂಡೆ.

ಆ ಎರಡು ತಿಂಗಳು ಆಪರೇಷನ್ನಿಗಿಂತ ಕಷ್ಟವಾಗಿದ್ದವು. ಮೊದಲ ವಾರ ಮಂಚದಿಂದ ಏಳಲು ಕಾಲು ಗಂಟೆ ಬೇಕಾಗುತ್ತಿತ್ತು. ಕಚೇರಿ ಮೂರನೆಯ ಮಹಡಿಯಲ್ಲಿ, ಲಿಫ್ಟು ವಾರಕ್ಕೆ ಎರಡು ದಿನ ಕೆಟ್ಟಿರುತ್ತಿತ್ತು. ಪ್ರತಿ ಮೆಟ್ಟಿಲಿಗೂ ಕಂಬಿ ಹಿಡಿದು, ಒಳ್ಳೆಯ ಕಾಲು ಮೊದಲು, ಕೆಟ್ಟ ಕಾಲು ಆಮೇಲೆ. ಎರಡೂ ಕೆಟ್ಟವೇ ಆದ್ದರಿಂದ ಯಾವುದು ಒಳ್ಳೆಯದೆಂದು ಅವತ್ತವತ್ತು ನಿರ್ಧರಿಸಬೇಕಾಗುತ್ತಿತ್ತು. ಸಂಜೆ ಗಂಡ ಬಿಸಿನೀರಿನ ಚೀಲ ತಂದಿಡುತ್ತಿದ್ದರು. ಅತ್ತೆ ಎಳ್ಳೆಣ್ಣೆ ಬಿಸಿ ಮಾಡಿಕೊಂಡು ನನ್ನ ಕಾಲ ಬಳಿ ಕೂತರು.

"ಬ್ಯಾಡ್ರಿ, ನೀವು ನನ್ನ ಕಾಲು ಮುಟ್ಟಬಾರದು," ಎಂದೆ.

"ಸುಮ್ಮನ ಕೂಡು. ನನ್ನ ಕೈಗೆ ನೀ ಹಚ್ಚಲಿಲ್ಲೇನು?"

ಇಪ್ಪತ್ಮೂರು ವರ್ಷ ಒಂದೇ ಮನೆಯಲ್ಲಿ ಬಾಳಿದ ನಾವು, ಒಬ್ಬರ ಅಡುಗೆಯನ್ನು ಒಬ್ಬರು ಒಳಗೊಳಗೇ ತೂಗಿ ನೋಡುತ್ತ ಬಂದವರು. ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

ಹತ್ತೊಂಬತ್ತನೆಯ ದಿನ ಸೋತೆ. ಸುಲ್ತಾನ್ ಬಜಾರಿನಲ್ಲಿ ಮಗಳಿಗೆ ಬಟ್ಟೆ ತರಲು ಹೋಗಿದ್ದೆ. ಜನಜಂಗುಳಿಯಲ್ಲಿ ಯಾರೋ ತಗುಲಿ ಬಲ ಮೊಣಕಾಲು ಹೊರಳಿತು. ಒಂದು ಬಟ್ಟೆ ಅಂಗಡಿಯ ಕಟ್ಟೆಗೆ ಒರಗಿ ನಿಂತೆ, ಕಣ್ಣಲ್ಲಿ ನೀರು ಬರುತ್ತಿತ್ತು. ಪಕ್ಕದಲ್ಲೇ ಔಷಧಿ ಅಂಗಡಿ. ಹಳೆಯ ಗುಳಿಗೆಯನ್ನು ಹೆಸರು ಹೇಳಿ ತೆಗೆದುಕೊಂಡು ಅಲ್ಲೇ ನುಂಗಿದೆ. ಅರ್ಧ ತಾಸಿನಲ್ಲಿ ನೋವು ಇಳಿಯಿತು. ಆ ಸುಖವನ್ನು ಸುಳ್ಳು ಎನ್ನಲಾರೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಬೈಯಬಹುದೆಂದುಕೊಂಡಿದ್ದೆ. ಅವರು, "ಅಂದರ ಸ್ಲೀವ್ ಏನು?" ಎಂದು ಮಾತ್ರ ಕೇಳಿದರು.

"ಇನ್ನೂ ಗೊತ್ತಿಲ್ರಿ," ಎಂದೆ. "ನಾಳೆಯಿಂದ ಮತ್ತ ಮೊದಲಿಂದ ಎಣಸತೀನಿ."

ಮೊದಲಿನಿಂದ ಎಣಿಸಿದೆ. ಅರವತ್ತು ದಿನ ಮುಗಿದವು. ನೋವು ಹೋಗಲಿಲ್ಲ. ಆದರೆ ನೋವಿಗೆ ಬೆಳಿಗ್ಗೆ ಒಂದು ಮುಖ, ಮಧ್ಯಾಹ್ನ ಒಂದು ಮುಖ ಇದೆಯೆಂದು ಗುರುತು ಸಿಕ್ಕಿತ್ತು. ಯಾವ ಹೊತ್ತಿಗೆ ಕೂಡಬೇಕು, ಯಾವ ಹೊತ್ತಿಗೆ ನಡೆದರೆ ಆಗುತ್ತದೆ ಎಂದು ತಿಳಿದಿತ್ತು. ತೊಡೆಯ ಸ್ನಾಯುಗಳಿಗೆ ಒಂದಿಷ್ಟು ಬಲ ಬಂದಿತ್ತು. ಇನ್ನೊಂದು ಕಡೆ, ಆ ಗುಳಿಗೆ ಬಿಟ್ಟರೂ ಎದೆಯುರಿ ಕಡಿಮೆಯಾಗಿರಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ದಾರಿ ಸ್ಪಷ್ಟವಾಯಿತು.

"ಬೈಪಾಸ್ ಮಾಡಿಸಿಕೋತೀನಿ," ಎಂದು ಊಟದ ಹೊತ್ತಿನಲ್ಲಿ ಹೇಳಿದೆ. ಹೇಳಿದ ಮೇಲೆ, ಯಾರನ್ನೂ ಕೇಳಲಿಲ್ಲವಲ್ಲ ಎಂದು ನನಗೇ ಅನ್ನಿಸಿತು. ಗಂಡ ತಟ್ಟೆ ನೋಡುತ್ತ, "ಜಾಯಿಂಟ್..." ಎಂದರು. ಮರುದಿನ ವೈದ್ಯೆಯ ಎದುರು ಅದನ್ನೇ ಕೇಳಿದರು. ವೈದ್ಯೆ ನಗಲಿಲ್ಲ. ಸ್ಲೀವಿನಲ್ಲೂ ಉದ್ದಕ್ಕೆ ಹೊಲಿಗೆ ಇರುತ್ತದೆ, ಅಲ್ಲಿಯೂ ಸೋರಬಹುದು. ಎರಡರಲ್ಲೂ ಅಪರೂಪ, ಎರಡರಲ್ಲೂ ಭಯ ಇದ್ದೇ ಇದೆ ಎಂದರು. ಗಂಡ ತಮ್ಮ ಕ್ಯಾಲೆಂಡರ್ ಹಾಳೆಯನ್ನು ಜೇಬಿನಿಂದ ತೆಗೆದು, ಅವರ ಎದುರೇ ಮೊದಲ ಚಿತ್ರದ ಮೇಲೆ ಉದ್ದಕ್ಕೆ ಚುಕ್ಕೆಗಳನ್ನಿಟ್ಟು ಹೊಲಿಗೆಯನ್ನು ಸೇರಿಸಿ ಮಡಚಿಟ್ಟುಕೊಂಡರು. ಆಮೇಲೆ ಆ ವಿಷಯ ಎತ್ತಲಿಲ್ಲ.

ಆಪರೇಷನ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅದಕ್ಕೆ ಮೊದಲು ಎರಡು ವಾರ ಬರೀ ದ್ರವ ಪದಾರ್ಥ ಕುಡಿಸಿದರು. ಹೊಟ್ಟೆಯ ಮೇಲೆ ಐದು ಸಣ್ಣ ತೂತು. ಅದೇ ಸಂಜೆ ಎಬ್ಬಿಸಿ ನಡೆಸಿದರು. ಮರುದಿನ ಔಷಧಿ ಅಳೆಯುವ ಸಣ್ಣ ಬಟ್ಟಲಿನಲ್ಲಿ ನೀರು ಕೊಟ್ಟು, ಕಾಲು ಗಂಟೆಯಲ್ಲಿ ಗುಟುಕು ಗುಟುಕಾಗಿ ಮುಗಿಸಿ ಎಂದರು. ಅರ್ಧ ಮುಗಿಯುವಷ್ಟರಲ್ಲಿ ಹೊಟ್ಟೆ ತುಂಬಿತು. ಅಷ್ಟು ಸಣ್ಣ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟೆ. ನೋವಿನಿಂದಲ್ಲ. ನಲವತ್ತೇಳು ವರ್ಷ ನನ್ನ ಜೊತೆಗಿದ್ದ ಯಾರೋ ಹೇಳದೆ ಎದ್ದು ಹೋದಂತಿತ್ತು.

ಮನೆಯಲ್ಲಿ ಇದರಿಂದ ಹೆಚ್ಚು ಕಂಗೆಟ್ಟವರು ಅತ್ತೆ. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ ಮಾಡಿ ಬಡಿಸುವುದೇ ಅವರಿಗೆ ಮಾತಾಡುವ ಬಗೆ. ನನಗೆ ಬಡಿಸಲು ಏನೂ ಇರಲಿಲ್ಲ. ಸೋಸಿದ ಬೇಳೆಕಟ್ಟು ಮೂರು ಚಮಚ, ಮೊಸರು ಎರಡು ಚಮಚ. ಹದಿನೈದು ದಿನ ಅವರು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದರು. ಆಮೇಲೆ ತಾವಾಗಿಯೇ ಹೆಸರುಬೇಳೆಯನ್ನು ನುಣ್ಣಗೆ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಜೀರಿಗೆಯ ಘಮ ಮಾತ್ರ ಉಳಿಯುವಂತೆ ಒಂದು ಕಟ್ಟು ಮಾಡುವುದನ್ನು ಕಂಡುಹಿಡಿದರು. "ಕೂಸಿಗೆ ಮಾಡಿದಂಗ ಮಾಡೀನಿ," ಎಂದರು. ಆಸ್ಪತ್ರೆಯವರು ಬರೆದುಕೊಟ್ಟ ಪಟ್ಟಿಯಲ್ಲಿ ಅದಕ್ಕಿಂತ ರುಚಿಯಾದದ್ದು ಇರಲಿಲ್ಲ.

ಐದನೆಯ ತಿಂಗಳಲ್ಲಿ ಬಂಧುಗಳ ಮನೆಯ ನಾಮಕರಣಕ್ಕೆ ಹೋದೆವು. ಹೋಳಿಗೆ. ಟಿಫಿನ್ ಸೆಂಟರಿನ ಹೆಂಗಸಿನ ಮಾತು ಮರೆತಿರಲಿಲ್ಲ. ಆದರೂ ಒಂದು ತುಂಡಿಗೆ ಏನಾಗುತ್ತದೆ ಎಂದುಕೊಂಡೆ. ಹತ್ತು ನಿಮಿಷದಲ್ಲಿ ಮೈ ತೊಯ್ದು ಹೋಯಿತು, ಎದೆ ಡವಗುಟ್ಟಿತು, ಹೊಟ್ಟೆಯಲ್ಲಿ ತಿರುಚಿದಂತಾಯಿತು. ಆ ಮನೆಯ ಒಳಕೋಣೆಯಲ್ಲಿ ಒಂದು ತಾಸು ಮಲಗಿದೆ. ಬಾಗಿಲಾಚೆ ಯಾರೋ, "ಹೊಟ್ಟಿ ಕೊಯ್ಸಿಕೊಂಡಾರಂತ ನೋಡ್ರಿ, ಬೇಕಿತ್ತೇನು?" ಎಂದರು. ಅದಕ್ಕೆ ಅತ್ತೆ, "ಬೇಕಿತ್ತು, ಅದಕ್ಕ ಮಾಡಿಸಿಕೊಂಡಾಳ," ಎಂದದ್ದು ಕೇಳಿಸಿತು.

ಒಂದೂವರೆ ವರ್ಷದಲ್ಲಿ ತೂಕ ಎಪ್ಪತ್ತಾರಕ್ಕೆ ಇಳಿಯಿತು. ಎದೆಯುರಿ ನಿಂತಿತು. ಮೊಣಕಾಲು ಹೊಸದಾಗಲಿಲ್ಲ, ಆದರೆ ಹೊರುವ ಭಾರ ಕಡಿಮೆಯಾದ ಮೇಲೆ ಬದಲಾಯಿಸುವ ಅವಸರವೂ ಉಳಿಯಲಿಲ್ಲ. ಇಷ್ಟಕ್ಕೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಚೆನ್ನಾಗಿದ್ದೇನೆ ಎಂಬ ಹಮ್ಮಿನಲ್ಲಿ ಎರಡನೆಯ ವರ್ಷ ಕಬ್ಬಿಣದ ಗುಳಿಗೆಯನ್ನು ಒಂದು ದಿನ ಬಿಟ್ಟೆ, ನಾಲ್ಕು ದಿನ ಬಿಟ್ಟೆ, ಕೊನೆಗೆ ಮರೆತೇಬಿಟ್ಟೆ. ಕೂದಲು ಬಾಚಣಿಗೆ ತುಂಬ ಬರತೊಡಗಿತು. ಅದೇ ಮೂರನೆಯ ಮಹಡಿ ಹತ್ತುವಾಗ ಈಗ ಮೊಣಕಾಲಿನ ಬದಲು ಉಸಿರು ಸಿಕ್ಕಿಕೊಳ್ಳುತ್ತಿತ್ತು. ರಕ್ತ ಪರೀಕ್ಷೆ ನೋಡಿದ ವೈದ್ಯೆ ಮೊದಲ ಬಾರಿ ಗದರಿದರು. ಆಸ್ಪತ್ರೆಯಲ್ಲಿ ಮಲಗಿಸಿ ನರಕ್ಕೆ ಕಬ್ಬಿಣ ಏರಿಸಿದರು. ಹನಿ ಹನಿಯಾಗಿ ಇಳಿಯುವ ಆ ಕಂದು ದ್ರವ ನೋಡುತ್ತ, ಸ್ಲೀವ್ ಮಾಡಿಸಿದ್ದರೆ ಎಂದು ಯೋಚಿಸಿದೆ. ಸುಳ್ಳು ಹೇಳಬಾರದು, ಅವತ್ತು ಬಹಳ ಹೊತ್ತು ಯೋಚಿಸಿದೆ. ಆಮೇಲೆ ತಿಳಿಯಿತು, ಸ್ಲೀವ್ ಮಾಡಿಸಿದ್ದರೆ ಇನ್ನೊಂದು ಮಂಚದ ಮೇಲೆ ಮಲಗಿ ಬೈಪಾಸಿನ ಬಗ್ಗೆ ಹೀಗೆಯೇ ಯೋಚಿಸುತ್ತಿದ್ದೆನೋ ಏನೋ. ಗುಳಿಗೆ ಬಿಟ್ಟದ್ದು ಆಪರೇಷನ್ನಿನ ತಪ್ಪಲ್ಲ, ನನ್ನದು. ಅಂದಿನಿಂದ ಬಿಟ್ಟಿಲ್ಲ.

ಈಗ ಮೂರು ವರ್ಷ ದಾಟಿದೆ. ತೂಕ ಎಂಬತ್ತರ ಹತ್ತಿರ ನಿಂತಿದೆ. ಮೊದಲ ವರ್ಷ ನನಗೆ ಹಸಿವೆಂಬುದೇ ಇರಲಿಲ್ಲ. ಗಡಿಯಾರ ನೋಡಿ ತಿನ್ನುತ್ತಿದ್ದೆ, ಔಷಧಿಯಂತೆ. ಕಳೆದ ಕೆಲವು ತಿಂಗಳುಗಳಿಂದ ಮಧ್ಯಾಹ್ನ ಹನ್ನೆರಡೂವರೆಗೆ ಹೊಟ್ಟೆಯಲ್ಲಿ ಸಣ್ಣದಾಗಿ ಏನೋ ಎಳೆದಂತಾಗುತ್ತದೆ. ಆಸ್ಪತ್ರೆಯ ಆಹಾರ ತಜ್ಞೆಗೆ ಹೇಳಿದಾಗ ಅವರು ಹುಬ್ಬು ಗಂಟಿಕ್ಕಿ, ಎಚ್ಚರ, ಇನ್ನು ಮುಂದೆ ಅಳತೆ ತಪ್ಪಬಾರದು ಎಂದು ಬರೆದುಕೊಂಡರು. ಅವರು ಹೇಳಿದ್ದು ಸರಿ. ನನಗೂ ಅಳುಕಿದೆ.

ಕಳೆದ ಭಾನುವಾರ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದೆ. ಅವರು ತಿರುಗದೆಯೇ ಕೇಳಿದರು, "ಒಂದು ಮಾತು ಕೇಳತೀನಿ, ಖರೇ ಹೇಳು. ನಿನಗ ಹಸಿವು ಆಗತೈತೇನು ಈಗ?"

"ಸ್ವಲ್ಪ ಆಗತೈತ್ರಿ," ಎಂದೆ. "ಡಾಕ್ಟರ್ ಹುಷಾರಿ ಇರಬೇಕು ಅಂದಾರ."

"ಇರು, ಹುಷಾರಿ ಇರು," ಎಂದರು ಅತ್ತೆ. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದರು. "ಆದರ ಹಸಿವು ಬಂತಲ್ಲ, ಛಲೋ ಆತು. 'ಊಟಾ ಮಾಡು' ಅಂತ ಕರೆಯಾಕ ನನಗ ಮೂರು ವರ್ಷದಿಂದ ಬಾಯಿನ ಇದ್ದಿಲ್ಲ."

ಬಿಸಿ ರೊಟ್ಟಿಯಲ್ಲಿ ಕಾಲು ಭಾಗ ಮುರಿದು, ಮೇಲೆ ಒಂದಿಷ್ಟು ಪಲ್ಯ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಸಣ್ಣ ಸಣ್ಣ ತುತ್ತು ಮಾಡಿ, ನಿಧಾನವಾಗಿ ಅಗಿದು ತಿಂದೆ. ಮುಗಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವರು ಉಳಿದ ರೊಟ್ಟಿಗಳನ್ನೆಲ್ಲ ಬಡಿದು ಮುಗಿಸಿದ್ದರು.